ಹನ್ನೊಂದು ಏಟು, ಒಂದೇ ಮೋರಿ

ಬಸ್ ಸ್ಟಾಪು

ಉಪಗ್ರಹಗಳ ಸಹಾಯದಿಂದ ಭೂಮಿಯ ಮೇಲೆ ಯಾವ ಜಾಗ ಎಲ್ಲಿದೆ ಎಂದು ಅಂಗುಲ ತಪ್ಪದೆ ಕಂಡುಹಿಡಿಯುವುದು ಹೇಗೆ ಎಂದು ನಾನು ಹದಿನೈದು ವರ್ಷಗಳಿಂದ ಪಾಠ ಮಾಡುತ್ತಿದ್ದೇನೆ. ಅಂಥವಳು ಫಿನ್‌ಲ್ಯಾಂಡಿನ ಔಲು ಎಂಬ ಊರಿನಲ್ಲಿ ಇಳಿದ ಮೊದಲ ದಿನವೇ ದಾರಿ ತಪ್ಪಿದೆ. ಏಪ್ರಿಲ್ ತಿಂಗಳು. ನಮ್ಮ ಹಗರಿಬೊಮ್ಮನಹಳ್ಳಿಯಲ್ಲಿ ಆಗ ರಸ್ತೆಯ ಟಾರು ಚಪ್ಪಲಿಗೆ ಅಂಟುವ ಬಿಸಿಲು. ಇಲ್ಲಿ ರಸ್ತೆಯ ಎರಡೂ ಬದಿಗೆ ಮೊಣಕಾಲೆತ್ತರ ಕೊಳೆ ಹಿಮ. ಚಳಿಗೆ ನನ್ನ ಫೋನು ಅರ್ಧ ಚಾರ್ಜ್ ಇಟ್ಟುಕೊಂಡೇ ಕಣ್ಣು ಮುಚ್ಚಿತು. ಅದರ ಜೊತೆ ನಕ್ಷೆಯೂ ಹೋಯಿತು. ನಾನು ಎರಡು ಸ್ಟಾಪು ಮುಂದೆ ಇಳಿದು ಪೆಟ್ಟಿಗೆ ಹಿಡಿದುಕೊಂಡು ನಿಂತೆ.

ಸ್ಟಾಪಿನಲ್ಲಿ ಆರು ಜನರಿದ್ದರು. ಒಬ್ಬರಿಗೂ ಇನ್ನೊಬ್ಬರಿಗೂ ನಡುವೆ ಒಂದೊಂದು ಎತ್ತಿನ ಬಂಡಿ ಹಾಯುವಷ್ಟು ಜಾಗ ಬಿಟ್ಟುಕೊಂಡು ನಿಂತಿದ್ದರು. ಕೂಡ್ಲಿಗಿ ಬಸ್ ನಿಲ್ದಾಣದಲ್ಲಿ ಅಷ್ಟು ಜಾಗದೊಳಗೆ ಎರಡು ಮದುವೆಯ ದಿಬ್ಬಣ ನಿಲ್ಲುತ್ತವೆ. ನಾನು ಅಭ್ಯಾಸಬಲದಿಂದ ಒಬ್ಬ ಹೆಂಗಸಿನ ಪಕ್ಕಕ್ಕೇ ಹೋಗಿ ವಿಳಾಸದ ಚೀಟಿ ತೋರಿಸಿದೆ. ಆಕೆ ಒಂದು ಹೆಜ್ಜೆ ಹಿಂದೆ ಸರಿದು ಚೀಟಿ ಓದಿದಳು. ಏನೂ ಹೇಳದೆ ನನ್ನ ಪೆಟ್ಟಿಗೆಯ ಹಿಡಿ ಹಿಡಿದು ನಡೆಯತೊಡಗಿದಳು. ಹತ್ತು ನಿಮಿಷ ಹಿಮದಲ್ಲಿ ನಡೆದೆವು, ಒಂದು ಮಾತಿಲ್ಲ. ನನ್ನ ಊರು, ಬಂದ ಕೆಲಸ, ಮಕ್ಕಳೆಷ್ಟು, ಏನೂ ಕೇಳಲಿಲ್ಲ. ಒಂದು ಬಾಗಿಲ ಮುಂದೆ ನಿಂತು "ಇಲ್ಲಿ" ಅಂದಳು, ವಾಪಸು ಹೋದಳು. ಆಕೆಯ ಬಸ್ಸು ಅಷ್ಟರಲ್ಲಿ ಹೋಗಿರಬೇಕು. ನಮ್ಮ ಕಡೆಯವರು ದಾರಿ ಹೇಳುವಾಗ ತಮ್ಮ ಕಥೆಯನ್ನೂ ಹೇಳುತ್ತಾರೆ, ಆದರೆ ಬಸ್ಸು ಬಿಟ್ಟು ಬರುವುದು ಅಪರೂಪ. ಯಾವುದು ಹೆಚ್ಚು ಎಂದು ನಾನು ಇನ್ನೂ ತೀರ್ಮಾನಿಸಿಲ್ಲ.

ಹೋದ ಕೆಲಸ

ನಾನು ಹೋದದ್ದು ಮೂರು ವಾರಕ್ಕೆ, ಒಂದು ಸಂಶೋಧನೆ ಮುಗಿಸುವುದಕ್ಕೆ. ಅದು ಏನೆಂದು ಹೇಳಿಬಿಡುತ್ತೇನೆ, ಕಷ್ಟದ್ದೇನಲ್ಲ. ಕೊಟ್ಟೂರಿನಿಂದ ಹರಪನಹಳ್ಳಿಯ ಕಡೆಗೆ ನೆಲದೊಳಗೆ ಆಪ್ಟಿಕಲ್ ಫೈಬರ್ ಕೇಬಲ್ ಹೋಗಿದೆ. ಕೂದಲಿನಂಥ ಗಾಜಿನ ಎಳೆ, ಅದರೊಳಗೆ ಓಡುವ ಬೆಳಕು. ಬ್ಯಾಂಕು, ಆಸ್ಪತ್ರೆ, ರೇಷನ್ ಅಂಗಡಿ ಎಲ್ಲದರ ಇಂಟರ್ನೆಟ್ಟೂ ಅದರ ಮೇಲೆ ನಿಂತಿದೆ. ಯಾರಾದರೂ ನೀರಿನ ಪೈಪಿಗೆಂದು ಜೆಸಿಬಿ ತಂದು ಅಗೆದರೆ ಕೇಬಲ್ ತುಂಡಾಗಿ ಅರ್ಧ ತಾಲ್ಲೂಕು ಕೈಕಟ್ಟಿ ಕೂರುತ್ತದೆ. ಈ ಗಾಜಿನ ಎಳೆಗೆ ಒಂದು ಗುಣವಿದೆ. ಮೇಲಿನ ನೆಲ ಅದುರಿದರೆ ಒಳಗಿನ ಬೆಳಕೂ ಒಂಚೂರು ಅಲುಗುತ್ತದೆ. ಒಂದು ತುದಿಯಲ್ಲಿ ಯಂತ್ರವಿಟ್ಟುಕೊಂಡು ಕೂತರೆ ಕೇಬಲಿನ ಎಷ್ಟನೇ ಮೀಟರಿನಲ್ಲಿ ನೆಲ ಅದುರಿತು ಎಂದು ತಿಳಿಯುತ್ತದೆ. ಜೆಸಿಬಿ ಕೇಬಲ್ ಮುಟ್ಟುವ ಮೊದಲೇ ಹೋಗಿ ನಿಲ್ಲಿಸಬಹುದು.

ತೊಡಕು ಇರುವುದು ಆ ಮೀಟರಿನಲ್ಲಿ. ಕೇಬಲ್ ನೆಟ್ಟಗೆ ಹೋಗುವುದಿಲ್ಲ. ಎಲ್ಲೋ ಬಾಗುತ್ತದೆ, ಗುಂಡಿಗಳಲ್ಲಿ ನಾಲ್ಕು ಸುತ್ತು ಸುತ್ತಿಟ್ಟಿರುತ್ತಾರೆ. ಹಾಗಾಗಿ ಕೇಬಲಿನ ಉದ್ದಕ್ಕೂ ನಡೆದು, ಒಂದೊಂದು ಚುಕ್ಕೆಯಲ್ಲಿ ನಿಂತು, ಉಪಗ್ರಹದಿಂದ ಆ ಜಾಗವನ್ನು ಹಿಡಿದು, ಅಲ್ಲೇ ದೊಡ್ಡ ಸುತ್ತಿಗೆಯಿಂದ ನೆಲಕ್ಕೆ ಒಂದು ಏಟು ಹಾಕಬೇಕು. ಆ ಏಟು ಕೇಬಲಿನ ಯಾವ ಮೀಟರಿಗೆ ಕೇಳಿಸಿತು ಎಂದು ನೋಡಿ ಎರಡನ್ನೂ ಜೋಡಿಸಬೇಕು. ನಾವು ಇದಕ್ಕೆ ಬಡಿತದ ಪರೀಕ್ಷೆ ಅನ್ನುತ್ತೇವೆ.

ನಮ್ಮಲ್ಲಿ ಬಡಿದವರು ಮೈಲಾರಪ್ಪ. ಹಿರೇಹಡಗಲಿಯವರು, ಐವತ್ತರ ಹತ್ತಿರದ ವಯಸ್ಸು. ಇಪ್ಪತ್ತು ವರ್ಷ ಇದೇ ಸೀಮೆಯಲ್ಲಿ ಕೇಬಲ್ ಎಳೆದು, ಎಳೆಗೆ ಎಳೆ ಜೋಡಿಸಿ, ಈಗ ನಾನು ಪಾಠ ಮಾಡುವ ಪಾಲಿಟೆಕ್ನಿಕ್‌ನ ಪ್ರಯೋಗಾಲಯದಲ್ಲಿ ಗುತ್ತಿಗೆಯ ಮೇಲೆ ಸಹಾಯಕರು. ಯಂತ್ರ ಕೊಟ್ಟದ್ದು ಔಲುವಿನ ಪ್ರಯೋಗಾಲಯ. ಯಂತ್ರ ಕೇಳಿಸಿಕೊಂಡದ್ದೆಲ್ಲ ನೇರ ಅವರಿಗೆ ಹೋಗಿತ್ತು. ಮೈಲಾರಪ್ಪ ಪುಸ್ತಕದಲ್ಲಿ ಬರೆದುಕೊಂಡ ಅಳತೆಗಳನ್ನು ನಾನು ಕಂಪ್ಯೂಟರಿಗೆ ಏರಿಸಿ ಕಳಿಸಿದ್ದೆ. ಪ್ರಬಂಧದ ಮೇಲೆ ಮೂರು ಹೆಸರು: ಅಲ್ಲಿನ ಪ್ರೊಫೆಸರ್ ಮರ್ಯಾ, ನಾನು, ಮೈಲಾರಪ್ಪ. ಪ್ರಬಂಧದಲ್ಲಿ ಹೆಸರು ಬಂದರೆ ಅವರ ಕೆಲಸ ಕಾಯಂ ಮಾಡಲು ಶಿಫಾರಸು ಮಾಡುವುದಾಗಿ ಪ್ರಿನ್ಸಿಪಾಲರು ಮಾತು ಕೊಟ್ಟಿದ್ದರು. ಹೊರಡುವ ದಿನ ನನ್ನನ್ನು ಬಸ್ಸು ಹತ್ತಿಸಲು ಬಂದ ಮೈಲಾರಪ್ಪ ಕಿಟಕಿಯ ಹತ್ತಿರ ನಿಂತು, "ಅಲ್ಲಿಯವ್ರು ನಮ್ಮ ಅಳತಿ ಒಪ್ತಾರೇನ್ರಿ ಮೇಡಂ?" ಅಂತ ಕೇಳಿದ್ದರು. ಒಪ್ಪದೆ ಏನು ಮಾಡುತ್ತಾರೆ ಎಂದಿದ್ದೆ. ನನಗೆ ನನ್ನ ಶಿಸ್ತಿನ ಮೇಲೆ ಅಷ್ಟು ನಂಬಿಕೆ. ಎಷ್ಟು ಚುಕ್ಕೆಯೋ ಅಷ್ಟೇ ಏಟು, ಒಂದು ಹೆಚ್ಚಾಗಬಾರದು, ಒಂದು ಕಡಿಮೆಯಾಗಬಾರದು ಎಂದು ಅವರಿಗೆ ದಿನಾ ಹೇಳಿ ತಲೆ ತಿಂದಿದ್ದೆ.

ಪೆಕ್ಕನ ಗೂಬೆ

ಔಲುವಿನ ಪ್ರಯೋಗಾಲಯದೊಳಗೆ ಬೂಟು ಹಾಕಿಕೊಂಡು ಹೋಗುವಂತಿಲ್ಲ. ಬಾಗಿಲಲ್ಲೇ ಬಿಚ್ಚಿ, ಎಲ್ಲರೂ ಉಣ್ಣೆಯ ಕಾಲುಚೀಲದಲ್ಲಿ ಓಡಾಡುತ್ತಾರೆ. ಇದನ್ನು ಕಂಡು ನನಗೆ ತವರಿಗೆ ಬಂದಷ್ಟು ಸಂತೋಷವಾಯಿತು. ಬೂಟು ಬಿಚ್ಚಿದ ಮೇಲೆ ನನ್ನ ಬಲಗಾಲಿನ ಹೆಬ್ಬೆರಳು ಕಾಲುಚೀಲದ ತೂತಿನಿಂದ ಹೊರಗೆ ಇಣುಕಿತು. ಪ್ರೊಫೆಸರ್ ಮರ್ಯಾ ಅದನ್ನು ನೋಡಿದರು, ನೋಡದವರಂತೆ ಕಾಫಿ ಕೊಟ್ಟರು. ಅಲ್ಲಿಯ ಜನ ಕಾಫಿ ಕುಡಿಯುವಷ್ಟು ನಾವು ನೀರು ಕುಡಿಯುವುದಿಲ್ಲ. ಕಾಫಿಗೆ ನಾಲ್ಕು ಜನ ಕೂತರೆ ಹತ್ತು ನಿಮಿಷ ಯಾರೂ ಮಾತಾಡುವುದಿಲ್ಲ. ಮೊದಲ ಎರಡು ದಿನ ಇವರಿಗೆ ತಮ್ಮತಮ್ಮಲ್ಲಿ ಏನೋ ಜಗಳವಾಗಿದೆ ಎಂದೇ ತಿಳಿದಿದ್ದೆ. ಅವರ ಪ್ರಕಾರ ಅದು ಹಾಯಾಗಿ ಕೂತಿರುವುದಂತೆ.

ಅಲ್ಲಿ ನೆಲ ಬಡಿಯುವವನು ಪೆಕ್ಕ. ಕೆಲಸದಿಂದ ನಿವೃತ್ತನಾಗಲು ಹೆಚ್ಚು ದಿನ ಉಳಿಯದ ಎತ್ತರದ ಮನುಷ್ಯ. ಮೂರನೇ ದಿನ ಅವನ ಜೊತೆ ಕಾಡಿನೊಳಗೆ ಹೋದೆ. ಅವನೂ ನಮ್ಮ ಹಾಗೆಯೇ ಕೋಲು ನೆಟ್ಟು ಜಾಗ ಹಿಡಿದು, ಹಿಮ ಸರಿಸಿ, ಒಂದು ಏಟು ಹಾಕಿ ಮುಂದೆ ಹೋಗುತ್ತಿದ್ದ. ಒಂದು ಚುಕ್ಕೆ ಬಂದಾಗ ಸುತ್ತಿಗೆ ಕೆಳಗಿಟ್ಟು ಮೇಲೆ ತೋರಿಸಿದ. ಮರಕ್ಕೆ ಒಂದು ಹಲಗೆಯ ಪೆಟ್ಟಿಗೆಯನ್ನು ಮೊಳೆ ಹೊಡೆದು ಕೂರಿಸಿದ್ದರು.

"ಒಳಗೆ ಗೂಬೆ ಮೊಟ್ಟೆಗೆ ಕೂತಿದೆ. ಇಲ್ಲಿ ಜೂನ್‌ನಲ್ಲಿ ಬಡಿಯೋಣ" ಅಂದ. ಅವನ ಇಂಗ್ಲಿಷನ್ನು ನನ್ನ ಕನ್ನಡದಲ್ಲಿ ಬರೆಯುತ್ತಿದ್ದೇನೆ.

ತನ್ನ ಹಾಳೆಯಲ್ಲಿ ಆ ಚುಕ್ಕೆಯ ಮುಂದೆ ಎರಡು ಸಾಲು ಬರೆದುಕೊಂಡ. ನಮ್ಮ ಕಡೆ ಗೂಬೆ ಮನೆಯ ಮೇಲೆ ಕೂತರೆ ಅಪಶಕುನವೆಂದು ಪೂಜೆ ಮಾಡಿಸುತ್ತಾರೆ ಎಂದು ಹೇಳಿದೆ. ಪೆಕ್ಕ ಇನ್ನೂ ಮೂರು ಚುಕ್ಕೆ ಮುಗಿಯುವವರೆಗೆ ಅದನ್ನೇ ಯೋಚಿಸಿ, "ಪೂಜೆ ಗೂಬೆಗೋ, ಮನೆಗೋ?" ಎಂದು ಕೇಳಿದ. ಮನೆಗೆ ಅಂದೆ. ಅವನಿಗೆ ಇದು ಸರಿ ಕಾಣಲಿಲ್ಲ.

ಕಡಲು ಹಿಂದೆ ಸರಿದ ಊರು

ಶನಿವಾರ ಪೆಕ್ಕ ನನ್ನನ್ನು ತನ್ನ ಅಜ್ಜನ ಊರಿಗೆ ಕರೆದೊಯ್ದ. ಸಮುದ್ರ ಇನ್ನೂ ಹೆಪ್ಪುಗಟ್ಟಿತ್ತು. ಅದರ ಮೇಲೆ ಜನ ಸ್ಟೂಲು ಹಾಕಿಕೊಂಡು, ಮಂಜುಗಡ್ಡೆಗೆ ತೂತು ಕೊರೆದು, ಮೀನಿಗೆ ಗಾಳ ಇಳಿಬಿಟ್ಟು ಕೂತಿದ್ದರು. ಯಾರ ಬುಟ್ಟಿಯಲ್ಲೂ ಮೀನು ಕಾಣಲಿಲ್ಲ, ಯಾರಿಗೂ ಅದರ ಚಿಂತೆಯೂ ಇದ್ದಂತಿರಲಿಲ್ಲ. ತೀರದಿಂದ ಬಹಳ ದೂರದಲ್ಲಿ, ಪೊದೆಗಳ ನಡುವೆ ಒಂದು ಮರದ ಗುಡಿಸಲು ಇತ್ತು. ದೋಣಿ ಇಡುವ ಮನೆ ಎಂದ ಪೆಕ್ಕ.

"ನೀರಿನಿಂದ ಇಷ್ಟು ದೂರ ಯಾಕೆ ಕಟ್ಟಿದರು?" ಎಂದೆ.

"ನೀರಿನ ಅಂಚಿಗೇ ಕಟ್ಟಿದ್ದು. ನೆಲ ಎದ್ದಿತು."

ಪುಸ್ತಕದಲ್ಲಿ ಓದಿದ್ದೆ, ಕಣ್ಣಲ್ಲಿ ಕಂಡಿರಲಿಲ್ಲ. ಹಿಂದೆ ಆ ಸೀಮೆಯ ಮೇಲೆ ಮೈಲುಗಟ್ಟಲೆ ದಪ್ಪದ ಮಂಜುಗಡ್ಡೆ ಕೂತಿತ್ತು. ಅದು ಕರಗಿ ಹೋದ ಮೇಲೆ, ಹೊರೆ ಇಳಿಸಿದವರು ನಿಧಾನವಾಗಿ ಸೊಂಟ ನೆಟ್ಟಗೆ ಮಾಡಿಕೊಳ್ಳುವಂತೆ, ನೆಲ ಇನ್ನೂ ಏಳುತ್ತಲೇ ಇದೆ. ವರ್ಷಕ್ಕೆ ಒಂದು ಕಡಲೆಕಾಳಿನಷ್ಟು. ಉಪಗ್ರಹ ಅದನ್ನೂ ಅಳೆಯುತ್ತದೆ. ಹೊಸದಾಗಿ ಎದ್ದ ನೆಲ ಯಾರಿಗೆ ಸೇರುತ್ತದೆ ಎಂದು ಕೇಳಿದೆ. ಊರಿನವರೆಲ್ಲರಿಗೂ ಎಂದ. ನಮ್ಮ ಕಡೆ ಕೆರೆ ಒಂದು ಮಾರು ಹಿಂದೆ ಸರಿದರೆ ಬೆಳಗಾಗುವಷ್ಟರಲ್ಲಿ ಅಲ್ಲಿ ಯಾರದೋ ಬೇಲಿ ಇರುತ್ತದೆ, ಮಧ್ಯಾಹ್ನಕ್ಕೆ ಎರಡು ಮನೆಯವರು ವಕೀಲರ ಹತ್ತಿರ ಇರುತ್ತಾರೆ. ಪೆಕ್ಕನಿಗೆ ಇದನ್ನು ಹೇಳಲಿಲ್ಲ. ಗೂಬೆಯಿಂದಲೇ ಅವನಿಗೆ ನಮ್ಮ ಬಗ್ಗೆ ಅನುಮಾನ ಬಂದಿತ್ತು.

ಸೋಮವಾರ

ಎರಡನೇ ವಾರದ ಸೋಮವಾರ ಮರ್ಯಾ ನನ್ನನ್ನು ತಮ್ಮ ಕೋಣೆಗೆ ಕರೆದರು. ನಿಧಾನಕ್ಕೆ, ಒಂದೊಂದು ಮಾತನ್ನೂ ತೂಗಿ ಆಡುವ ಹೆಂಗಸು. ಪರದೆಯ ಮೇಲೆ ಎಡಕ್ಕೆ ನಮ್ಮ ಹಾಳೆ, ಬಲಕ್ಕೆ ಕೇಬಲ್ ಕೇಳಿಸಿಕೊಂಡದ್ದು.

"ಇಲ್ಲಿ ಹನ್ನೊಂದು ಚುಕ್ಕೆಗಳಿವೆ. ಒಂದೇ ದಿನದವು. ಹಾಳೆಯ ಪ್ರಕಾರ ಒಂದೊಂದೂ ಬೇರೆ ಜಾಗ. ಕೇಬಲಿಗೆ ಮಾತ್ರ ಹನ್ನೊಂದು ಏಟೂ ಒಂದೇ ಜಾಗದಿಂದ ಕೇಳಿಸಿವೆ. ಒಂದೊಂದು ನಿಮಿಷ ಬಿಟ್ಟು" ಅಂದರು.

ನಾನು ಪರದೆಯನ್ನೇ ನೋಡಿದೆ. ಹನ್ನೊಂದು ಗೆರೆಗಳು ಒಂದರ ಕೆಳಗೆ ಒಂದು, ತೂಗುಗುಂಡು ಬಿಟ್ಟು ನೋಡಿದಷ್ಟು ನೆಟ್ಟಗೆ.

"ಬಡಿದವರು ಒಂದು ಕಡೆ ಕೂತುಕೊಂಡು ಬಡಿದಿದ್ದಾರೆ. ಅಳತೆಯನ್ನು ಹೀಗೆ ತಯಾರಿಸಿದವರ ಹೆಸರನ್ನು ಪ್ರಬಂಧದಲ್ಲಿ ಇಡಲಾಗದು. ನಿಮ್ಮ ಕಾಲೇಜಿಗೂ ಯಾಕೆ ಎಂದು ತಿಳಿಸಬೇಕಾಗುತ್ತದೆ." ಆಮೇಲೆ ಹಾಳೆಯ ಕೆಳಗೆ ಬೆರಳಿಟ್ಟರು. "ಆ ದಿನ ನೀವೂ ಸ್ಥಳದಲ್ಲಿದ್ದಿರಿ ಎಂದು ನಿಮ್ಮ ಸಹಿ ಇದೆ. ನಿಮಗೆ ಕಾಣಲಿಲ್ಲವೆ?"

"ಸರಿಯಾಗಿ ನೆನಪಿಲ್ಲ" ಎಂದುಬಿಟ್ಟೆ.

ಅದು ಸುಳ್ಳು. ಆ ದಿನ ನಾನು ಅಲ್ಲಿರಲಿಲ್ಲ ಎನ್ನುವುದು ನೆನಪಿತ್ತು. ಎಲ್ಲಿಗೆ ಹೋಗಿದ್ದೆ ಎನ್ನುವುದಷ್ಟೇ ತಕ್ಷಣ ಹೊಳೆಯಲಿಲ್ಲ. ಔಲುವಿಗೆ ಕಳಿಸುವ ಮೊದಲು, ಕಂಪ್ಯೂಟರಿನಿಂದ ತೆಗೆದ ಹಾಳೆಗಳನ್ನೆಲ್ಲ ಗುಡ್ಡೆ ಹಾಕಿಕೊಂಡು ಒಂದೇ ಉಸಿರಿಗೆ ಸಹಿ ಜಡಿದಿದ್ದೆ. ಇದಕ್ಕಿಂತ ನಾಚಿಕೆಯ ವಿಷಯ ಇನ್ನೊಂದಿದೆ. ಮರ್ಯಾ ಹೇಳಿದ್ದನ್ನು ನಾನು ನಂಬಿದೆ. ಮೈಲಾರಪ್ಪ ಮರದ ನೆರಳಿನಲ್ಲಿ ಕೂತು, ಬೀಡಿ ಸೇದುತ್ತ, ನಿಮಿಷಕ್ಕೊಂದು ಏಟು ಹಾಕುತ್ತಿದ್ದ ಚಿತ್ರ ಕಣ್ಣಿಗೆ ಕಟ್ಟಿತು. ಅವರು ಬೀಡಿ ಸೇದುವುದಿಲ್ಲ.

ಫೋನು

ಮರುದಿನ ಬೆಳಿಗ್ಗೆ ಫೋನು ಮಾಡಿದೆ. ನಮ್ಮ ಊರಿನಲ್ಲಿ ಆಗ ಹತ್ತೂವರೆ ಆಗಿರಬೇಕು. ಹಿಂದೆ ಹುಡುಗರ ಗದ್ದಲ ಕೇಳುತ್ತಿತ್ತು.

"ಮೈಲಾರಪ್ಪ, ಒಂದಿನ ಹನ್ನೊಂದು ಚುಕ್ಕಿ ಒಂದ ಕಡಿ ಬಡಿದೀರಂತ. ಹೌದೇನ್ರಿ? ಖರೇ ಹೇಳ್ರಿ."

"ಹೌದ್ರಿ ಮೇಡಂ. ರಸ್ತಿ ಮೋರಿ ಕಲ್ಲಿನ ಮ್ಯಾಲೆ ಬಡಿದೀನಿ. ಹನ್ನೊಂದೂ ಅಲ್ಲೇ."

ಮುಚ್ಚಿಡುವ ಪ್ರಯತ್ನವನ್ನೇ ಮಾಡಲಿಲ್ಲ. ನನಗೆ ಸಿಟ್ಟು ಬಂತು. "ಯಾಕ್ರಿ ಹಂಗ್ ಮಾಡಿದ್ರಿ?" ಅಂದೆ.

"ಆವತ್ತು ಶೀಗಿ ಹುಣ್ಣಿವಿ ಇತ್ತಲ್ರಿ. ಅಲ್ಲಿ ಕೇಬಲ್ ಹೊಲದ ಬದುವಿನ್ಯಾಗ ಹೋಗೈತಿ. ಜ್ವಾಳ ಹೊಡಿ ತುಂಬಿತ್ತು. ಹೊಲದವ್ರು ಚರಗ ಚೆಲ್ಲಾಕ ಬಂದಿದ್ರು. ಅವ್ರಾಗ ಒಬ್ಬ ಆಯಮ್ಮ ನನ್ನ ಸುತ್ತಿಗಿ ನೋಡಿ, ಯಪ್ಪಾ, ಭೂಮ್ತಾಯಿ ಬಸುರಿ ಅದಾಳ, ಇವತ್ತೊಂದಿನ ಬಡೀಬ್ಯಾಡ ಅಂದ್ಲು. ನನಗೂ ಕೈ ಏಳಲಿಲ್ರಿ."

ನಮ್ಮ ಕಡೆಯವರಿಗೆ ವಿವರಿಸಬೇಕಿಲ್ಲ. ಆ ಹುಣ್ಣಿಮೆಗೆ ಪೈರು ತುಂಬಿ ನಿಂತಿರುತ್ತದೆ, ಭೂಮಿಗೆ ಸೀಮಂತ. ಮಾಡಿದ ಅಡುಗೆಯಲ್ಲೆಲ್ಲ ಒಂದೊಂದು ತುತ್ತು ತೆಗೆದು ಹೊಲದ ತುಂಬ ಚರಗ ಚೆಲ್ಲಿ, ಆಮೇಲೆ ಉಣ್ಣುತ್ತಾರೆ.

"ಆಗಲಿಲ್ಲ ಅಂದ್ರ ಬಿಟ್ಟು ಬರಬೇಕಿತ್ತು. ಮೋರಿ ಮ್ಯಾಲೆ ಹನ್ನೊಂದು ಸಲ ಯಾಕ ಬಡೀಬೇಕಿತ್ತು?"

"ನೀವಾ ಹೇಳಿದ್ರಲ್ರಿ, ಎಷ್ಟು ಚುಕ್ಕಿ ಅಷ್ಟು ಏಟು, ಒಂದೂ ಕಮ್ಮಿ ಆಗಬಾರ್ದು ಅಂತ. ಚುಕ್ಕಿ ಬದುವಿನ ಮ್ಯಾಲೆ ನಡಕಂತ ಹಿಡಿದೆ. ಏಟು ಮೋರಿ ಮ್ಯಾಲೆ ಹಾಕಿದೆ. ಹನ್ನೊಂದಕ್ಕ ಹನ್ನೊಂದು ಸರಿ ಐತ್ರಿ."

"ನನಗ ಒಂದು ಮಾತು ಹೇಳಬೇಕಿತ್ತಲ್ರಿ."

"ಬರ್ದೀನಲ್ರಿ ಮೇಡಂ, ಕೊನೀ ಕಾಲಮ್ಮಿನ್ಯಾಗ, ಷರಾ ಅಂತ ಐತಲ್ಲ, ಅಲ್ಲಿ. ನೀವು ಹೊಳಲಿಗೆ ಹೋಗಿದ್ರಿ. ಹಬ್ಬದ ಊಟದಾಗ ಫೋನ್ ಹಚ್ಚಿ ಯಾಕ ತ್ರಾಸ ಕೊಡಬೇಕಂತ ಬರ್ದಿಟ್ಟೆ."

ಹೊಳಲು ನನ್ನ ಗಂಡನ ಊರು. ಆ ದಿನ ನಾನೂ ಹೊಲದಲ್ಲೇ ಕೂತಿದ್ದೆ, ನಮ್ಮ ಹೊಲದಲ್ಲಿ. ಅತ್ತೆ ಮಾಡಿದ್ದ ಕಡುಬು, ಸಜ್ಜೆ ರೊಟ್ಟಿ, ಪುಂಡಿಪಲ್ಯ ಎಲ್ಲ ನೆನಪಿಗೆ ಬಂತು. ಭೂಮಿಗೆ ಸೀಮಂತ ಮಾಡಿ ಉಂಡು, ಅದೇ ದಿನ ಇನ್ನೊಬ್ಬರನ್ನು ಸುತ್ತಿಗೆ ಕೊಟ್ಟು ಕಳಿಸಿದ್ದೆ. ಪುಸ್ತಕದಿಂದ ಅಳತೆಗಳನ್ನು ಕಂಪ್ಯೂಟರಿಗೆ ಏರಿಸುವಾಗ ಷರಾ ಎಂಬ ಕಾಲಮ್ಮನ್ನು ಪೂರ್ತಿ ಬಿಟ್ಟಿದ್ದೂ ನಾನೇ. ನಾನು ಮಾಡಿಕೊಂಡಿದ್ದ ಹಾಳೆಯಲ್ಲಿ ಅಂಕಿಗಳಿಗಷ್ಟೇ ಜಾಗವಿತ್ತು. ಮಾತುಗಳು ಯಾಕೆ ಬೇಕು ಅಂದುಕೊಂಡಿದ್ದೆ.

"ಏನಾರ ತಪ್ಪಾಗೈತೇನ್ರಿ ಮೇಡಂ?"

"ನಿಮ್ಮದಲ್ಲ" ಅಂದೆ. ಯಾರದು ಎಂದು ಹೇಳಲಿಲ್ಲ. ಪುಸ್ತಕದ ಎಲ್ಲ ಪುಟಗಳ ಫೋಟೊ ತೆಗೆದು ಕಳಿಸಲು ಹೇಳಿದೆ.

ಷರಾ

ಮರ್ಯಾ ಮತ್ತು ಪೆಕ್ಕನ ಮುಂದೆ ಫೋಟೊ ಇಟ್ಟು ಎಲ್ಲ ಹೇಳಿದೆ. ಪೆಕ್ಕನಿಗೆ ವಿವರಣೆ ಬೇಕಾಗಲಿಲ್ಲ. "ನಾನೂ ಬಡಿಯುತ್ತಿರಲಿಲ್ಲ" ಅಂದ. ಮರ್ಯಾ ಕಾಫಿ ಮುಗಿಸಿ ಲೋಟ ಪಕ್ಕಕ್ಕಿಟ್ಟು, "ಅವರ ಬಗ್ಗೆ ನಾನು ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ" ಅಂದರು. ಆ ಪುಸ್ತಕದ ಷರಾ ಅಷ್ಟನ್ನೂ, ಒಂದು ಸಾಲು ಬಿಡದೆ, ಇಂಗ್ಲಿಷಿಗೆ ಮಾಡಿಕೊಡಿ ಎಂದರು.

ಮೂರು ದಿನ ಅದೇ ಕೆಲಸ. ಜೊತೆಗಿದ್ದು ಇಷ್ಟು ವರ್ಷವಾದರೂ ನಾನು ಮೈಲಾರಪ್ಪನವರ ಕಣ್ಣಿನಿಂದ ಆ ರಸ್ತೆಯನ್ನು ನೋಡಿಯೇ ಇರಲಿಲ್ಲ. ಇಲ್ಲಿ ಗುಂಡಿಯಲ್ಲಿ ಕೇಬಲ್ ಎರಡು ಸುತ್ತು ಹೆಚ್ಚಿಗೆ ಇದೆ, ನಾನೇ ಇಟ್ಟದ್ದು. ಇಲ್ಲಿ ಹತ್ತಿರ ಎಮ್ಮೆ ಕಟ್ಟಿದ್ದರು, ಅದೂ ಕಾಲು ಬಡಿಯಿತು, ಎರಡು ಏಟು ಕೇಳಿಸಬಹುದು. ಇಲ್ಲಿ ಕೆಳಗೆ ಬಂಡೆ, ಸುತ್ತಿಗೆ ಪುಟಿಯಿತು. ಇಲ್ಲಿ ಹಿಟ್ಟಿನ ಗಿರಣಿ ನಿಲ್ಲುವವರೆಗೆ ಕಾದೆ. ಮರ್ಯಾ ತಿಂಗಳುಗಳಿಂದ ಕೂಡಿಸಲಾಗದೆ ಬಿಟ್ಟಿದ್ದ ಮೀಟರುಗಳು ಈ ಸಾಲುಗಳಿಂದ ಒಂದೊಂದಾಗಿ ಕೂಡಿದವು. ಒಂದು ಕೂಡಿದಾಗಲೆಲ್ಲ ಪೆಕ್ಕ ಮೇಜನ್ನು ಬೆರಳಿನಿಂದ ಒಂದು ಸಲ ತಟ್ಟುತ್ತಿದ್ದ. ಅಲ್ಲಿಯ ಲೆಕ್ಕದಲ್ಲಿ ಅದು ದೊಡ್ಡ ಸಂಭ್ರಮ.

ಗುರುವಾರ ಮಧ್ಯಾಹ್ನ ಹುಣ್ಣಿಮೆಯ ಪುಟಕ್ಕೆ ಬಂದೆ. ಭೂಮಿ ಬಸುರಿ ಎನ್ನುವುದನ್ನು ಬರೆದೆ, ಮೋರಿಯನ್ನು ಬರೆದೆ. ಕೆಳಗೆ ಇನ್ನೊಂದು ಸಾಲಿತ್ತು, ಅವರ ದುಂಡನೆಯ ಅಕ್ಷರದಲ್ಲಿ: ಮೇಡಂ ಬಂದಿಲ್ಲ. ಸಹಿ ಜಾಗ ಖಾಲಿ ಬಿಟ್ಟಿದೆ.

ಎದ್ದು ಹೋಗಿ ಕಾಫಿ ತಂದೆ. ಆ ಇಡೀ ಊರಿನಲ್ಲಿ ಅದನ್ನು ಓದಬಲ್ಲವಳು ನಾನೊಬ್ಬಳೇ. ಮೈಲಾರಪ್ಪನವರ ಹೆಸರು ಉಳಿದಾಗಿತ್ತು, ಮೀಟರುಗಳು ಕೂಡಿದ್ದವು, ಈ ಒಂದು ಸಾಲಿನಿಂದ ಯಾವ ಅಳತೆಯೂ ಬದಲಾಗುತ್ತಿರಲಿಲ್ಲ. ಈ ಮೂರನ್ನೂ ನನಗೆ ನಾನೇ ಎರಡು ಸಲ ಹೇಳಿಕೊಂಡೆ. ಕಾಫಿ ಆರಿತು. ಅದನ್ನು ಪಕ್ಕಕ್ಕಿಟ್ಟು ಆ ಸಾಲನ್ನೂ ಇಂಗ್ಲಿಷಿನಲ್ಲಿ ಬರೆದೆ.

ಶುಕ್ರವಾರ ಮರ್ಯಾ ಅದನ್ನು ಓದಿದರು. ನಾನು ಮೊದಲು ಕಳಿಸಿದ್ದ ಹಾಳೆಯನ್ನು ತೆಗೆದು ಪಕ್ಕದಲ್ಲಿಟ್ಟುಕೊಂಡರು.

"ಹಾಗಾದರೆ ಈ ಸಹಿ?"

"ನಾನು ಆಮೇಲೆ ಹಾಕಿದ್ದು. ಆ ದಿನ ನಾನು ಅಲ್ಲಿರಲಿಲ್ಲ. ಸೋಮವಾರ ನೆನಪಿಲ್ಲ ಅಂದದ್ದೂ ಸುಳ್ಳು."

ಮರ್ಯಾ ಎರಡು ಹಾಳೆಗಳನ್ನೂ ಜೋಡಿಸಿ ಪಕ್ಕಕ್ಕಿಟ್ಟರು. ದನಿ ಏರಿಸದೆ, ಪ್ರಬಂಧ ಎರಡೇ ಹೆಸರಿನಲ್ಲಿ ಹೋಗುತ್ತದೆ, ನಿಮ್ಮ ಕಾಲೇಜಿಗೆ ಕಾರಣ ನೀವೇ ಬರೆಯಿರಿ ಎಂದರು. ಮೂರು ವರ್ಷದ ಕೆಲಸ. ಸರಿ ಎಂದೆ. ಪತ್ರವನ್ನು ಅಲ್ಲೇ ಕೂತು ಬರೆದೆ.

ವಾಪಸು ಹೊರಟ ದಿನ ವಿಮಾನ ನಿಲ್ದಾಣದಿಂದ ಮೈಲಾರಪ್ಪನವರಿಗೆ ಫೋನು ಮಾಡಿದೆ. ಅಳತೆಗಳನ್ನೆಲ್ಲ ಒಪ್ಪಿದರು, ಪ್ರಬಂಧದಲ್ಲಿ ಪ್ರೊಫೆಸರ್ ಹೆಸರಿನ ನಂತರ ನಿಮ್ಮದೇ ಹೆಸರು ಎಂದೆ.

"ಮತ್ತ ನಿಮ್ಮದೆಲ್ಲಿ ಹೋತ್ರಿ ಮೇಡಂ?"

ಸಹಿಯ ಜಾಗ ಖಾಲಿ ಬಿಟ್ಟದ್ದಾಗಿ ಬರೆದ ಅವರ ಸಾಲನ್ನು ಓದಿ ಹೇಳಿದೆ. ಅದನ್ನೂ ಇಂಗ್ಲಿಷಿನಲ್ಲಿ ಬರೆದುಕೊಟ್ಟೆ ಎಂದೂ ಹೇಳಿದೆ.

"ಅವ್ರಿಗೆ ಕನ್ನಡ ಓದಾಕ ಬರ್ತಿತ್ತೇನ್ರಿ?" ಎಂದು ಕೇಳಿದರು.

"ಇಲ್ರಿ" ಅಂದೆ.